ಇಲಿಯಾಸ್ ಕಿವಿಗೊಟ್ಟ ಎಂಜಿನ್

ಬಣಕಲ್ಲಿನ ಮೆಕ್ಯಾನಿಕ್ ಇಲಿಯಾಸ್‌ಗೆ ಹೆಂಡತಿಯ ಮಾತು ಒಂದೇ ಸಲಕ್ಕೆ ಕೇಳಿಸಿದ್ದಿಲ್ಲ. ಎಂಜಿನ್ನಿನ ನರಳಾಟ ಮಾತ್ರ ರಸ್ತೆಯ ತಿರುವಿನಿಂದಲೇ ಕೇಳಿಸುತ್ತಿತ್ತು. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಎಂಜಿನ್ನಿಗೆ, ಹಿಡಿಯನ್ನು ಕಿವಿಗೆ ಒತ್ತಿ ಕಣ್ಣು ಮುಚ್ಚುವುದು ಅವನ ಪರೀಕ್ಷೆ. ಬಾನೆಟ್ ಎತ್ತಿ, ಗಂಭೀರವಾಗಿ ನೋಡಿ, ಮತ್ತೆ ಮುಚ್ಚುವುದಷ್ಟೇ ಗೊತ್ತಿರುವ ನಮ್ಮಂಥವರಿಗೆ ಅವನು ಹೇಳಿದ್ದೇ ಕೊನೆಯ ಮಾತು.

ಆ ಮಂಗಳವಾರ ಪಂಚಾಯ್ತಿ ಅಂಗಳದಲ್ಲಿ ಅವನು ಹಾಗೆ ಬಗ್ಗಿ ನಿಂತದ್ದು ಊರಿನ ಜೀಪಿನ ಮುಂದೆ.

ಆರೋಗ್ಯ ಸಮಿತಿಗೆ ಬಂದ ಅನುದಾನ ಒಂದೇ ಕೆಲಸಕ್ಕೆ ಸಾಲುತ್ತಿತ್ತು. ಒಂದೋ, ರೋಗಿಗಳನ್ನು ಮೂಡಿಗೆರೆಗೆ ಒಯ್ಯುವ ಮುದಿ ಜೀಪಿಗೆ ಹೊಸ ಎಂಜಿನ್; ಇಲ್ಲವೇ ಗುಡ್ಡದ ಒರತೆಯಿಂದ ಅಂಗನವಾಡಿಗೆ ಪೈಪು. ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಶುರುವಾದರೆ ಎಸ್ಟೇಟುಗಳ ಕೊಳೆನೀರು ಹಳ್ಳಕ್ಕಿಳಿದು, ಮಕ್ಕಳು ಕುಡಿಯುವ ಬಾವಿಯೂ ನಾರುತ್ತಿತ್ತು. ಆ ಜೀಪಿನಲ್ಲೇ ಇಲಿಯಾಸ್‌ನ ತಾಯಿ, ಅವನ ಉಮ್ಮ ರಶೀದಾ, ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಹೋಗುತ್ತಿದ್ದರು.

"ಮಕ್ಕಳಿಗೆ ಎಂತ ಅವಸರ ಟೀಚರೇ? ಮುಂದಿನ ವರ್ಷ ನೋಡುವ," ಎಂದರು ಸಮಿತಿಯ ಅಧ್ಯಕ್ಷ ರುದ್ರಪ್ಪನವರು. ಮೊಮ್ಮಗನ ಕಾಲಕ್ಕಿರಲಿ ಎಂದು ತೋಟದ ತುಂಬ ಸಿಲ್ವರ್ ಓಕ್ ನೆಟ್ಟು ಕಾಯುತ್ತಿದ್ದ ಪ್ಲಾಂಟರು ಅವರು.

ಅಂಗನವಾಡಿ ಟೀಚರ್ ಸುಕನ್ಯಾ ಬಿಡಲಿಲ್ಲ. "ಅಲ್ಲೀವರೆಗೆ ಮಕ್ಕಳು ಬೆಳೆಯೋದು ನಿಲ್ಲಿಸಿ ಕಾಯ್ತಾವಾ ಸರ್? ಈಗ ಹೊಟ್ಟೆ ಕೆಟ್ಟು ಸೊರಗಿದ್ದನ್ನ ಆಮೇಲೆ ಯಾವ ಪೈಪು ತುಂಬಿಕೊಡುತ್ತೆ?"

ಸಮಿತಿ ಎರಡು ಪಾಲಾಯಿತು. ಕೊನೆಗೆ ಎಲ್ಲರೂ ಇಲಿಯಾಸ್‌ನ ತಲೆಗೆ ಕಟ್ಟಿದರು: ಜೀಪು ಇನ್ನೊಂದು ವರ್ಷ ಓಡುತ್ತದೆ ಎಂದರೆ ಪೈಪು, ಇಲ್ಲವೆಂದರೆ ಎಂಜಿನ್.

ಟಕ್, ಟಕ್. ಬೇರಿಂಗ್ ಸವೆದಿತ್ತು. ಮಗುವಿನಂತೆ ನೋಡಿಕೊಂಡರೆ ವರ್ಷ ದಾಟೀತು. ದಾರಿಯ ನಡುವೆ ಕೈಕೊಟ್ಟರೆ ಒಳಗೆ ಕೂತವರ ಗತಿ? "ಸತ್ತಿದೆ" ಎಂದುಬಿಟ್ಟರೆ ಕೇಳುವವರಿರಲಿಲ್ಲ. ಕಣ್ಣು ತೆರೆದ. ಆಸ್ಪತ್ರೆಯ ಚೀಲ ಮಡಿಲಲ್ಲಿಟ್ಟುಕೊಂಡು ಉಮ್ಮ ಆಗಲೇ ಜೀಪಿನಲ್ಲಿ ಕೂತಿದ್ದರು.

"ಎಂತದಾ, ನಿದ್ದೆ ಬಂತಾ? ಇದ್ದದ್ದು ಹೇಳು."

ಇಲಿಯಾಸ್ ಸ್ಕ್ರೂಡ್ರೈವರ್ ಕೆಳಗಿಳಿಸಿದ. "ಓಡುತ್ತೆ. ಆದ್ರೆ ಬೇರೆ ಯಾರೂ ಮುಟ್ಟಬಾರ್ದು. ನಾನೇ ಓಡಿಸ್ತೀನಿ."

"ಮತ್ತೆ ಗ್ಯಾರೇಜು? ನನ್ನ ಟಿಲ್ಲರ್ ಬಿಚ್ಚಿ ಹಾಕಿದ್ದೀಯಲ್ಲ ಮಾರಾಯ!" ರುದ್ರಪ್ಪನವರು ಗಾಬರಿಯಾದರು.

"ಸಿಲ್ವರ್ ಓಕ್ ಕಾಯೋರು ನೀವು. ಟಿಲ್ಲರ್ ಕಾಯಕ್ಕಾಗಲ್ವಾ?" ಎಂದ ಇಲಿಯಾಸ್.

ಮೂಡಿಗೆರೆ ದಾರಿಯ ಏರಿನಲ್ಲಿ ಎಂಜಿನ್ನಿನ ಸದ್ದು ಜೋರಾಯಿತು. ಇಲಿಯಾಸ್ ಸ್ಟೀರಿಂಗನ್ನು ಬಿಗಿಯಾಗಿ ಹಿಡಿದು ಎರಡನೇ ಗೇರಿಗೆ ಇಳಿಸಿದ.

"ಟಕ್ ಅಂತಿದ್ಯಲ್ಲಾ?"

"ಅದು ರಸ್ತೆ, ಉಮ್ಮ."

ರಶೀದಾ ಮುಂದಿನ ಕಂಬಿ ಹಿಡಿದುಕೊಂಡರು. "ರಸ್ತೆಯಾದ್ರೆ ಮೆಲ್ಲ ಹೋಗು. ಪೈಪು ಹೂಳೋ ಮೊದಲೇ ಇದು ನಿಂತ್ರೆ ರುದ್ರಪ್ಪನವ್ರು ಮನಸ್ಸು ಬದಲಾಯಿಸ್ತಾರೆ."