ಹದಿನಾರು ಮನೆಗೊಂದೇ ಮೀಟರ್

ಇವತ್ತು ಬೆಳಿಗ್ಗೆ ಪ್ಲಂಬರ್ ಬಂದು ಅಡುಗೆಮನೆಯ ನಲ್ಲಿ ಬದಲಿಸಿ ಹೋದ. ಪೈಪಿನ ಕೀಲಿಗೆ ನೂಲು ಸುತ್ತಿ ಬಳಿದ ಸಫೇದಾ ಎಂಬ ಬಿಳಿ ಪೇಸ್ಟಿನ ವಾಸನೆ ಮಾತ್ರ ಮನೆಯಲ್ಲೇ ಉಳಿಯಿತು. ಕೆಲವರಿಗೆ ಮಲ್ಲಿಗೆಯ ವಾಸನೆಗೆ ಹಳೆಯದೆಲ್ಲ ನೆನಪಾಗುತ್ತದಂತೆ. ನನ್ನ ಹಣೆಬರಹ ನೋಡಿ, ನನಗೆ ಪೈಪಿನ ವಾಸನೆಗೆ ಸಿಸಿಲಿಯಾ ಸಿಸ್ಟರ್ ನೆನಪಾಗುತ್ತಾರೆ.

ತೊಂಬತ್ತರ ದಶಕದ ಕೊನೆಯ ಮಾತು. ದಾಂಡೇಲಿಯಲ್ಲಿ ಅಪಾರ್ಟ್‌ಮೆಂಟ್ ಎಂಬುದೇ ಹೊಸತು. ನಮ್ಮದು ನಾಲ್ಕು ಮಹಡಿ, ಹದಿನಾರು ಮನೆ. ಇಷ್ಟು ಮನೆಗಳು ಒಮ್ಮೆಲೇ ಬಂದರೆ ರಸ್ತೆಯ ಹಳೆಯ ಪೈಪು ಸಾಲದು, ದೊಡ್ಡದು ಹಾಕಬೇಕು ಎಂದು ನಗರಸಭೆಗೆ ಅಭಿವೃದ್ಧಿ ಶುಲ್ಕ ಕಟ್ಟಬೇಕಾಯಿತು. ಎಲ್ಲರೂ ಸಮನಾಗಿ ಕೊಟ್ಟೆವು. ಬಂದದ್ದು ಒಂದು ಸಂಪರ್ಕ, ಒಂದು ಮೀಟರು. ಸಮನಾಗಿ ಕೊಟ್ಟವರು ನೀರನ್ನೂ ಸಮನಾಗಿಯೇ ಬಳಸುತ್ತಾರೆ ಎಂದು ನಂಬಿದ ಸಂಘದ ಕಾರ್ಯದರ್ಶಿ ನಾನೇ. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದೆ ಎಂಬುದನ್ನು ನಿಮಗೆ ಹೇಳದಿದ್ದರೇ ಚೆನ್ನಾಗಿತ್ತು.

ಬೇಸಿಗೆಯಲ್ಲಿ ತಾರಸಿಯ ಮೇಲಿನ ನೀರಿನ ಟಾಕಿ ಹತ್ತು ಗಂಟೆಗೇ ಬರಿದಾಗತೊಡಗಿತು. ಸಿಸಿಲಿಯಾ ಸಿಸ್ಟರ್ ಇದ್ದದ್ದು ನಾಲ್ಕನೇ ಮಹಡಿಯಲ್ಲಿ, ಟಾಕಿಯ ಕೆಳಗೇ. ಆಸ್ಪತ್ರೆಯಲ್ಲಿ ನರ್ಸ್, ಹಳಿಯಾಳದ ಕಡೆಯ, ಆಫ್ರಿಕಾ ಮೂಲದ ಸಿದ್ದಿ ಸಮುದಾಯದವರು. ಊರಿನಿಂದ ಆಸ್ಪತ್ರೆಗೆ ಬಂದವರು ಒಂದೆರಡು ದಿನ ಅವರಲ್ಲೇ ಇಳಿಯುತ್ತಿದ್ದರು. ಟಾಕಿಗೆ ಹತ್ತಿರದವರೇ ಹೆಚ್ಚು ಎಳೆದುಕೊಳ್ಳುತ್ತಾರೆ, ಮೇಲಾಗಿ ಮನೆ ತುಂಬ ಜನ ಎಂದು ಸಭೆಯಲ್ಲಿ ಪಿಸುಮಾತು ಎದ್ದಿತು. ಅವರ ಮೈಬಣ್ಣವೂ ಆ ಪಿಸುಮಾತಿನೊಳಗೆ ಇತ್ತು. ಯಾರೂ ಬಾಯಿಬಿಟ್ಟು ಹೇಳಲಿಲ್ಲ, ನಾನೂ ಬೇಡವೆನ್ನಲಿಲ್ಲ. ದಿನಾ ಬೆಳಿಗ್ಗೆ ಎಂಟಕ್ಕೆ ಅವರ ಮನೆಯ ನೀರು ಬಂದ್ ಮಾಡಲಾಗುವುದು ಎಂದು ದುಂಡಗೆ ಬರೆದು ಮೆಟ್ಟಿಲ ಬಳಿ ಅಂಟಿಸಿದೆ.

ರಾತ್ರಿಪಾಳಿ ಮುಗಿಸಿ ಅವರು ಮನೆ ಸೇರುತ್ತಿದ್ದುದೇ ಒಂಬತ್ತಕ್ಕೆ. ಚೀಟಿ ಓದಿದವರು ನೇರ ನಮ್ಮ ಬಾಗಿಲಿಗೆ ಬಂದರು.

“ಮಾಸ್ತರ್ರ, ದಿನಾ ರೋಗಿಗಳನ್ನ ಮುಟ್ಟೂ ಕೈ ಇವು. ಜಳಕಾ ಮಾಡದ ಅಡಗಿ ಹೆಂಗ ಮಾಡ್ಲಿ?”

“ಹಂಗಲ್ಲ ಸಿಸ್ಟರ್, ಎಲ್ಲಾರೂ ಕೂಡಿ...”

“ಎಲ್ಲಾರೂ ಅಂತಾರ, ಯಾರೂ ನೋಡಿಲ್ಲ. ಮನಿಗೊಂದು ಮೀಟರ್ ಹಚ್ಚಸ್ರಿ. ನಂದ ಜಾಸ್ತಿ ಬಂತಂದ್ರ ನೀವು ಹೇಳೂದು ಬ್ಯಾಡ, ನಾನ ಮನಿ ಬಿಡ್ತೇನಿ.”

ದನಿ ಏರಿಸಲಿಲ್ಲ. ಅಂದಿನಿಂದ ಪ್ರತಿ ಭಾನುವಾರ ಪ್ರಾರ್ಥನೆ ಮುಗಿಸಿ ಬಂದು ಮನೆಮನೆಯ ಬಾಗಿಲು ತಟ್ಟಿ ಸಹಿ ಕೇಳಿದರು. ನೋಡೋಣ ಎಂದವರ ಬಾಗಿಲಿಗೆ ಮುಂದಿನ ವಾರ ಮತ್ತೆ ಬಂದರು. ನಾನು ಐದನೇ ವಾರ, ಕಾಟ ತಪ್ಪಿದರೆ ಸಾಕೆಂದು, ಸಹಿ ಹಾಕಿದೆ. ಮೀಟರುಗಳು ಬಂದವು, ಅವರ ನೀರು ಬಂದ್ ಮಾಡುವುದೂ ನಿಂತಿತು. ಇಡೀ ಕಟ್ಟಡ ವಾರಗಟ್ಟಲೆ ಸಫೇದಾ ನಾರಿತು.

ಇಲ್ಲಿ ನಮ್ಮ ಮನೆಯ ಒಂದು ಪದ್ಧತಿ ಹೇಳಬೇಕು. ನಮ್ಮಲ್ಲಿ ತಂಗಳು ನೀರು ಕುಡಿಯುವುದಿಲ್ಲ. ಬೆಳಿಗ್ಗೆ ಎದ್ದರೆ ನಿನ್ನೆ ತುಂಬಿಟ್ಟ ಕೊಡ, ಹಂಡೆ, ಡ್ರಮ್ಮು ಎಲ್ಲವನ್ನೂ ಮೋರಿಗೆ ಚೆಲ್ಲಿ, ತಿಕ್ಕಿ ತೊಳೆದು, ತಾಜಾ ನೀರು ತುಂಬುವುದು. ಅಜ್ಜಿ ಬಾವಿಯಿಂದ ಸೇದುತ್ತಿದ್ದಾಗ ಅದು ಎರಡು ಕೊಡದ ಮಾತಾಗಿತ್ತು. ನಲ್ಲಿ ಬಂದ ಮೇಲೆ ಪಾತ್ರೆಗಳು ಹೆಚ್ಚಿದವು, ಪದ್ಧತಿ ಹಾಗೇ ಉಳಿಯಿತು. ಈ ಕೆಲಸ ನನ್ನದು, ಅದರ ಮೇಲೆ ನನಗೆ ಹೆಮ್ಮೆಯೂ ಇತ್ತು.

ತಿಂಗಳು ತುಂಬಿದಾಗ ಸಭೆಯಲ್ಲಿ ಲೆಕ್ಕ ಓದಿದೆ. ಸಿಸ್ಟರ್ ಮನೆಯದು, ಬಂದುಹೋಗುವವರನ್ನೂ ಸೇರಿಸಿ, ಬಹುತೇಕ ಎಲ್ಲರಿಗಿಂತ ಕಡಿಮೆ. ಹದಿನೈದು ಮನೆಯದನ್ನು ಓದಿ ಪುಸ್ತಕ ಮುಚ್ಚಿದೆ.

“ಇನ್ನೊಂದು ಮನಿ ಉಳದೈತ್ರಿ ಮಾಸ್ತರ್ರ,” ಎಂದರು ಸಿಸ್ಟರ್.

ಓದಿದೆ. ಬೇರೆ ಮೂರು ಮನೆಗಳದು ಕೂಡಿದರೂ ನನ್ನದರ ಸಮ ಬರಲಿಲ್ಲ. ಯಾರೂ ನಗಲಿಲ್ಲ. ನಕ್ಕಿದ್ದರೆ ಹಗುರಾಗುತ್ತಿತ್ತೇನೋ.

“ತಪ್ಪಾತು ಸಿಸ್ಟರ್,” ಎಂದೆ.

“ಇಲ್ಲಿ ಹೇಳಿದ್ರ ಇಲ್ಲಿದ್ದವ್ರಿಗಷ್ಟ ಕೇಳತೈತಿ. ಆ ಚೀಟಿ ಮೆಟ್ಲಾ ಹತ್ತಿಳಿಯೋ ಮಂದಿಯೆಲ್ಲಾ ಓದ್ಯಾರ. ಅಲ್ಲೇ ಬರೀರಿ.”

ಬರೆದೆ. ನೀರು ಚೆಲ್ಲಿದ್ದು ನಾನು ಎಂದು, ಅಷ್ಟೇ ದುಂಡಗೆ, ಕೆಳಗೆ ಸಹಿ ಸಮೇತ.

ಸಿಸ್ಟರ್ ಈಗಲೂ ಮೇಲಿನ ಮಹಡಿಯಲ್ಲೇ ಇದ್ದಾರೆ. ಕಾರ್ಯದರ್ಶಿಗಳು ಎಷ್ಟೋ ಜನ ಬದಲಾದರು, ಮೀಟರ್ ಓದುವ ಕೆಲಸ ಮಾತ್ರ ನಾನು ಬಿಟ್ಟಿಲ್ಲ. ಈ ಬೇಸಿಗೆಯಲ್ಲೂ ನೀರು ಸಾಲುತ್ತಿಲ್ಲ. ಇವತ್ತು ಮಧ್ಯಾಹ್ನ ಹೊಸ ಕಾರ್ಯದರ್ಶಿ ಬಂದು, “ಬಾಡಿಗಿಯವ್ರ ಮನಿ ಮೊದಲ ನೋಡ್ರಿ ಅಂಕಲ್, ಅಲ್ಲೇ ಮಂದಿ ಭಾಳ,” ಎಂದ.

ಪುಸ್ತಕ ತೆಗೆದು ಮೊದಲ ಸಾಲಿನಲ್ಲಿ ನನ್ನ ಹೆಸರು ಬರೆದು, ಅವನನ್ನು ನಮ್ಮ ಮೀಟರಿನ ಮುಂದೆ ನಿಲ್ಲಿಸಿದೆ.

“ನೀ ಓದು,” ಎಂದೆ. “ಜೋರಾಗಿ ಓದು, ಮ್ಯಾಲಿನವ್ರಿಗೂ ಕೇಳ್ಬೇಕು.”