ಜಪಾನಿನ ಸಾರಿನಲ್ಲಿ ಮೀನು

ಗೆಳತಿಯರೇ, ನನ್ನ ಅಕ್ಷರ ಚಂದವಿಲ್ಲವೆಂದು ಫೋನಿನಲ್ಲಿ ಬರೆದರೆ ಕಾಗುಣಿತವೂ ತಪ್ಪುತ್ತದೆ, ಹೊಟ್ಟೆಗೆ ಹಾಕಿಕೊಳ್ಳಿ.

ಅಣ್ಣಿಗೇರಿಯಲ್ಲಿ ನಾನು ಕೆಲಸಕ್ಕೆ ಹೋಗುವ ಮನೆಯ ಯಜಮಾನಿ, ನಾನು ಬಾಯಾರು ಎಂದು ಕರೆಯುವವರು, ನಿವೃತ್ತ ಶಿಕ್ಷಕಿ. ಮುಂದಿನ ತಿಂಗಳು ಜಪಾನಿಗೆ ಹೊರಟಿದ್ದಾರೆ. ಗುಡ್ಡ, ಹಳ್ಳಿ, ಸಣ್ಣ ರೈಲು, ಊರೂರಿನ ಊಟ ಎಂದು ವಾರದ ತಿರುಗಾಟ. ಅವರಿಗೆ ಮೊಣಕಾಲು ನೋವು, ಅದಕ್ಕೆ ಜೊತೆಗೆ ನಾನು.

ಇಂದು ಬೆಳಿಗ್ಗೆ ಅವರ ಮಗಳು ಫೋನ್ ಮಾಡಿ, "ಅವ್ವಾ, ಅಲ್ಲೆ ಕಾಯಿಪಲ್ಯೆ ಸಾರಿಗೂ ಮೀನ ಕುದಿಸಿದ ನೀರು ಹಾಕ್ತಾರಂತ" ಎಂದಳು. ಹುಟ್ಟಿದಾಗಿನಿಂದ ಮೀನು ಮುಟ್ಟದ ಬಾಯಾರು ನನ್ನ ಕಡೆ ತಿರುಗಿದರು.

"ನಿಮ್ಮ ಮನ್ಯಾಗ ಮೀನ ತಿಂತೀರಲ್ಲ?"

"ಹೌದ್ರಿ."

"ಹಂಗಾರ ಎಲ್ಲಾ ನೀ ಮೊದಲ ಬಾಯಾಗ ಹಾಕ್ಕೊಂಡು ನೋಡು. ಮೀನ ಇಲ್ಲ ಅಂದ್ರ ನಾ ತಿಂತೀನಿ."

"ನನಗ ತಿಳೀಲಿಲ್ಲ ಅಂದ್ರ ಏನ್ ಮಾಡೂದ್ರಿ?"

"ಹುಚ್ಚಿ, ಮೀನ ತಿನ್ನಾಕಿಗೆ ಮೀನ ತಿಳಿಯೂದಿಲ್ಲೇನ?"

ನಮ್ಮ ಮನೆಯಲ್ಲಿ ಮೀನು ಮಾಡುವುದೇ ಕಣ್ಣಲ್ಲಿ ನೀರು ಬರುವಷ್ಟು ಖಾರ ಹಾಕಿ. ಅಲ್ಲಿಯದು ಸಪ್ಪೆಯಂತೆ. ಒಂದು ಸಲ ನಾನು ತಪ್ಪಿ "ಇಲ್ರಿ" ಎಂದರೆ ಅವರ ಇಷ್ಟು ವರ್ಷದ ನೇಮ ನನ್ನಿಂದ ಕೆಡುತ್ತದೆ. ಮನೆಗೆ ಬಂದವಳೇ ಒಣಮೀನಿನ ಚೂರೊಂದನ್ನು ಕುದಿಸಿ, ಸೋಸಿ, ಆ ನೀರನ್ನು ಬೇಳೆಸಾರಿಗೆ ಬೆರೆಸಿ ಕುಡಿದು ನೋಡಿದೆ.

ಸಾರು ರುಚಿಯಾಗಿತ್ತು. ಮೀನು ಮಾತ್ರ ಗೊತ್ತಾಗಲಿಲ್ಲ.