ಎಂಜಿನ್ನಿಗೂ ಹೆಗಲುಂಟೆ?

ಹೋದ ಸೋಮವಾರ ನಾನು ಒಂದು ಮನೆಯೊಳಗೆ ಕೂತುಕೊಂಡೇ ಯಾರದೋ ಶೇಂಗಾ ಹೊಲಕ್ಕೆ ನುಗ್ಗಿದೆ.

ನಗಬೇಡಿ. ಮನೆ ಎಂದರೆ ಮನೆಯೇ. ಮಂಚ, ಒಲೆ, ಉಪ್ಪಿನಕಾಯಿ ಭರಣಿ, ಬಾಗಿಲಿಗೆ ತೋರಣ, ಎಲ್ಲ ಇತ್ತು. ಕೆಳಗೆ ನಾಲ್ಕು ಚಕ್ರವೂ ಇತ್ತು, ಅಷ್ಟೇ.

ಇದು ಮೊಳಕಾಲ್ಮೂರಿನ ನನ್ನ ಸೋದರಮಾವನ ಮೋಟಾರು ಮನೆ. ಮಾವನದು ರೇಷ್ಮೆ ಸೀರೆ ನೇಯುವ ಮನೆತನ. ನೇಯ್ದದ್ದನ್ನು ಮಾರಲು ಅವರು ಊರೂರು ತಿರುಗುತ್ತಾರೆ. ಮೊದಲೆಲ್ಲ ಕಮಾನು ಗಾಡಿಯಲ್ಲಿ ಹೋಗುತ್ತಿದ್ದರು, ಅತ್ತೆಯೂ ಜೊತೆಗೆ. ರಜೆ ಬಂದರೆ ನಾನೂ. ಮರದಡಿ ಮೂರು ಕಲ್ಲಿಟ್ಟು ಅತ್ತೆ ಮಾಡುತ್ತಿದ್ದ ಬಿಸಿ ಮುದ್ದೆ, ಗಂಟಿನೊಳಗಿಂದ ಬರುವ ಹೊಸ ರೇಷ್ಮೆಯ ವಾಸನೆ, ತೂಕಡಿಸುತ್ತ ಕೇಳುವ ಎತ್ತಿನ ಗಂಟೆ. ಆ ಸುಖ ಈಗ ಯಾವ ಬಸ್ಸಿನಲ್ಲಿದೆ ಹೇಳಿ?

ಆ ಗಾಡಿಯಲ್ಲಿ ಒಂದು ಕಟ್ಟಳೆ ಇತ್ತು. ನೊಗದ ಮೇಲೆ ಭಾರ ಬೀಳಬಾರದು. ಹೊರಡುವ ಮುನ್ನ ಮಾವ ನೊಗದಡಿಗೆ ಅಂಗೈ ತೂರಿಸಿ ನೋಡುವರು. ಒತ್ತಿದರೆ ಸಾಮಾನೆಲ್ಲ ಹಿಂದಕ್ಕೆ. ನಾನು ಆಸೆಪಟ್ಟು ಮುಂದೆ ಕೂತರೆ, "ಲೇ, ಹಿಂದಕ್ ಸರಿಯೋ. ಎತ್ತಿನ ಹೆಗಲು ನೋಯ್ತದೆ" ಎಂದು ಗದರುವರು.

ಈಗ ಕೆಲವು ವರ್ಷದಿಂದ ಅತ್ತೆಗೆ ಮಂಡಿ ನೋವು. ಗಾಡಿಯ ಕುಲುಕಾಟ ತಡೆಯದು. ಅವರು ಮನೆಯಲ್ಲೇ ಉಳಿದರು. ಮಾವ ಒಬ್ಬರೇ ತಿರುಗಿದರು, ಒಬ್ಬರೇ ಬೇಯಿಸಿಕೊಂಡರು. (ಬೇಯಿಸಿಕೊಂಡರೋ, ಸೀಯಿಸಿಕೊಂಡರೋ!) ಸೀರೆ ಮಾರಾಟವಾಯಿತು, ಮನುಷ್ಯ ಸೊರಗಿದರು. ಕೊನೆಗೆ, ಜರ್ಮನ್ ಯುದ್ಧ ಮುಗಿದ ಮೇಲೆ ದಂಡಿನವರು ಹರಾಜು ಹಾಕಿದ್ದ ಹಳೇ ಲಾರಿಯೊಂದನ್ನು ಕೊಂಡರು. ಬಡಗಿಯನ್ನು ಕೂರಿಸಿ ಅದರ ಮೇಲೊಂದು ಮನೆ ಕಟ್ಟಿಸಿದರು. ಓಡಿಸಲು ತಾವೇ ಕಲಿತರು. ಯಾರಿಗಾಗಿ ಎಂದು ಕೇಳಬೇಕೆ?

ಅತ್ತೆ ಮಾತ್ರ ಖಂಡಿತವಾಗಿ ಹೇಳಿಬಿಟ್ಟಿದ್ದರು: "ಚಳ್ಳಕೆರೆ ಗಂಟ ಬರ್ತೀನಿ. ಹೆದರಿಕೆ ಆಯ್ತಂದ್ರೆ ಇನ್ನೊಂದ್ಸಲ ನನ್ನ ಕರೀಬ್ಯಾಡ್ರಿ."

ನನ್ನ ಮನೆ ಇರುವುದು ಚಳ್ಳಕೆರೆಯಲ್ಲೇ, ನಾನೂ ಹತ್ತಿದೆ. ಹೊರಟೆವು. ಲಾರಿಯೋ, ಹೆಂಡ ಕುಡಿದವನ ಹಾಗೆ! ಸ್ಟೀರಿಂಗ್ ಎಡಕ್ಕೆ ತಿರುಗಿಸಿದರೆ ಸ್ವಲ್ಪ ಹೊತ್ತು ಯೋಚನೆ ಮಾಡುತ್ತಿತ್ತು. ಆಮೇಲೆ ಬೇಕಾದ್ದಕ್ಕಿಂತ ಹೆಚ್ಚೇ ಹೋಗುತ್ತಿತ್ತು. ಗಾಳಿ ಬೀಸಿದರೆ ರಸ್ತೆಯ ಆ ಅಂಚು, ಗುಂಡಿ ಬಂದರೆ ಈ ಅಂಚು. ಮಾವ ರಸ್ತೆಯನ್ನು ಬೈದರು, ಗಾಳಿಯನ್ನು ಬೈದರು, ಟೈರು ಮಾಡಿದವನನ್ನೂ ಬೈದರು. ಅತ್ತೆ ಮಂಚದ ಕಾಲು ಹಿಡಿದು ಇದ್ದಬದ್ದ ದೇವರನ್ನೆಲ್ಲ ಕರೆಯುತ್ತಿದ್ದರು. ಬಿ.ಜಿ. ಕೆರೆ ದಾಟಿದ ಮೇಲೆ ಒಂದು ತಿರುವಿನಲ್ಲಿ ರಸ್ತೆ ತಿರುಗಿತು, ನಾವು ತಿರುಗಲಿಲ್ಲ.

ಯಾರಿಗೂ ಪೆಟ್ಟಾಗಲಿಲ್ಲ. ಅತ್ತೆ ಇಳಿದರು. ಸಿಟ್ಟು ಬಂದರೆ ಅವರಿಗೆ ತೆಲುಗು ಬರುತ್ತದೆ. "ನೇನು ರಾನು!" ಎಂದರು. ಬರುವುದಿಲ್ಲ ಎಂದರೆ ಬರುವುದಿಲ್ಲ. "ನನ್ನ ಸಾಮಾನು ಇಳಿಸ್ರಿ. ಯಾವುದಾದ್ರೂ ಗಾಡಿ ಸಿಕ್ರೆ ಮನೆಗೆ ಹೋಗ್ತೀನಿ."

ಮಾವನ ಮುಖ ನೋಡಲಾಗಲಿಲ್ಲ ನನಗೆ.

ಇಳಿಸಿದೆವು. ಎಲ್ಲವೂ ಲಾರಿಯ ಹಿಂಬದಿಯ ತುತ್ತತುದಿಯಲ್ಲಿತ್ತು. ನೀರಿನ ಪೀಪಾಯಿ, ಅಕ್ಕಿ ಮೂಟೆ, ಒರಳುಕಲ್ಲು. (ಹೌದು, ಒರಳುಕಲ್ಲು! ಅತ್ತೆಗೆ ಬೇರೆಯವರ ಕಲ್ಲಿನಲ್ಲಿ ರುಬ್ಬಿದ ಚಟ್ನಿ ಸೇರದು.) ಮಾವ ಲಾರಿಯನ್ನು ರಸ್ತೆಗೆ ಹತ್ತಿಸಿ ಒಂದಿಷ್ಟು ದೂರ ಓಡಿಸಿದರು. ನೋಡುತ್ತೇನೆ, ಗೆರೆ ಎಳೆದ ಹಾಗೆ ನೆಟ್ಟಗೆ ಹೋಗುತ್ತಿದೆ!

"ಮಾವ, ಭಾರ ಎಲ್ಲಾ ಹಿಂದೆ ಯಾಕೆ ಹೇರಿದ್ರಿ?" ಎಂದೆ.

"ಎಂಜಿನ್ ಮುಂದೆ ಐತಲ್ಲೋ. ಎಳೆಯೋದು ಅದೇ ಅಲ್ವೇನೋ? ಪಾಪ, ಅದರ ಮ್ಯಾಲೆ ಭಾರ ಬೀಳಬಾರ್ದಲ್ಲ..." ಎಂದವರು ತಮ್ಮ ಅಂಗೈ ನೋಡಿಕೊಂಡರು.

ವಿಷಯ ಇಷ್ಟೇ ನೋಡಿ. ಎಂಜಿನ್ನಿನ ಹೆಗಲು ನೋಯದಿರಲಿ ಎಂದು ಮಾವ ಭಾರವನ್ನೆಲ್ಲ ಹಿಂದಕ್ಕೆ ಹಾಕಿದ್ದರು. ಮೂತಿ ಹಗುರವಾಗಿ ಮುಂದಿನ ಚಕ್ರ ನೆಲವನ್ನು ಸರಿಯಾಗಿ ಕಚ್ಚುತ್ತಿರಲಿಲ್ಲ. ಕಚ್ಚದ ಚಕ್ರ ಹೇಳಿದ ಕಡೆ ಹೋದೀತೇ? ನನಗೆ ನಗು ಬಂತು. ಆ ಎತ್ತುಗಳು ಈಗಿಲ್ಲ. ಅವುಗಳ ಮೇಲಿನ ಮರುಕ ಮಾತ್ರ ಇನ್ನೂ ಇದೆ. ಮಾವನೊಬ್ಬರೇ ಹೀಗೆ ಎನ್ನಬೇಡಿ. ಜೇಬಿನಲ್ಲಿ ಗಡಿಯಾರ ಇಟ್ಟುಕೊಂಡು ಬಿಸಿಲು ನೋಡಿ ಹೊತ್ತು ಹೇಳುವವರು ನಮ್ಮಲ್ಲಿ ಎಷ್ಟು ಮಂದಿ ಇಲ್ಲ?

ಒರಳುಕಲ್ಲು ಮುಂದಿನ ಸೀಟಿನ ಬಳಿಗೆ ಬಂತು. ಪೀಪಾಯಿ ಅದರ ಬೆನ್ನಿಗೆ. ಮಾವ ಅತ್ತೆಯನ್ನು ಕರೆಯಲಿಲ್ಲ. ಕರೆಯುವ ಧೈರ್ಯ ಎಲ್ಲಿತ್ತು? ಹೆಗಲ ಮೇಲಿನ ವಲ್ಲಿಯಿಂದ ಸೀಟಿನ ಧೂಳು ಕೊಡವಿ ಪಕ್ಕಕ್ಕೆ ಸರಿದರು.

ಅತ್ತೆ ಮಂಡಿ ಹಿಡಿದುಕೊಂಡು ಸೀಟಿನ ಬಳಿಗೆ ಬಂದರು.

"ಅಲ್ರೀ, ಕಬ್ಬಿಣಕ್ಕೂ ಮರುಗ್ತೀರಲ್ಲ" ಎಂದು ಹತ್ತಿ ಕೂತರು.

ಚಳ್ಳಕೆರೆಯವರೆಗೆ ಲಾರಿ ಅತ್ತಿತ್ತ ಹೊರಳಲಿಲ್ಲ. ನಾನು ನನ್ನ ಮನೆ ಮುಂದೆ ಇಳಿದೆ. ಅತ್ತೆಯ ಕರಾರು ಇದ್ದದ್ದು ಇಲ್ಲಿಯವರೆಗೆ ಮಾತ್ರ. ಮಾವನಿಗೆ ಕೇಳಲು ಬಾಯಿ ಬಾರದು. ಎಂಜಿನ್ ನಿಲ್ಲಿಸಿ ಸ್ಟೀರಿಂಗ್ ಒರೆಸುತ್ತ ಕೂತಿದ್ದರು.

ಅತ್ತೆಯೇ ಕೇಳಿದರು: "ಇಲ್ಲೇ ಯಾಕ್ರೀ ನಿಂತ್ರಿ? ಮುಂದಿನ ಊರು ಯಾವ್ದು?"